ದೀಪ ನೋಡಲು ಹೋದವರು

ಆ ಭಾನುವಾರ ಮಾಟುಂಗದ ಕನ್ನಡ ಸಂಘದ ಹಿಂದಿನ ಕೋಣೆಯಲ್ಲಿ ಎಂಟು ಜನ ಸೇರಿದ್ದು ಹೆಗಲು ಬಳಗವನ್ನು ಮುಚ್ಚುವುದಕ್ಕೆ. ಮೂರು ವರ್ಷದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಾತು ಮಾತ್ರ ಸೆಖೆ, ಲೋಕಲ್‌ ಟ್ರೇನಿನ ರಶ್ಶು ದಾಟಿ ಮುಂದೆ ಹೋಗಲಿಲ್ಲ.

ಬಳಗದ ಕೆಲಸ ಒಂದೇ. ಊರು ಬಿಟ್ಟು ಬಂದವರ ಮನೆಯಲ್ಲಿ ಸಾವಾದರೆ ಹೆಗಲು ಕೊಡುವುದು. ಸ್ಮಶಾನದಿಂದ ಆ ಮನೆಗೆ ಮರಳಿ, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ‘ಹೋಗಿ ಬರುತ್ತೇವೆ’ ಎನ್ನದೆ ಹೊರಡುವುದು. ಸಾವಿನ ಮನೆಯಲ್ಲಿ ಆ ಮಾತು ಆಡುವಂತಿಲ್ಲ.

ಕಾರ್ಯದರ್ಶಿ ಸುಭಾಷ ಮಾಸ್ತರರು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಕಲಿಸಿದವರು. ಬಳಗದ ರಿಜಿಸ್ಟರಿಗೂ ಸ್ಕೇಲಿಟ್ಟು ಗೆರೆ ಎಳೆದಿದ್ದರು: ಹೆಸರು, ತಾರೀಖು, ಹೆಗಲು ಕೊಟ್ಟವರು, ದೀಪ ನೋಡಿದವರು. ಕೋವಿಡ್‌ ಕಾಲದ ಹನ್ನೊಂದು ಹೆಸರುಗಳ ಮುಂದೆ ಕೊನೆಯ ಎರಡು ಕಾಲಮ್ಮು ಖಾಲಿ ಉಳಿದಿದ್ದವು. ಹನ್ನೊಂದನೆಯ ಹೆಸರು ದಾನಪ್ಪ. ಬಳಗ ಕಟ್ಟಿದವನು, ಮಾಸ್ತರರ ಜೀವದ ಗೆಳೆಯ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅವನನ್ನು ಆಸ್ಪತ್ರೆಯಿಂದಲೇ ಒಯ್ದಿದ್ದರು. ಆಮೇಲೆ ಅವನ ಹೆಂಡತಿ ಹನುಮವ್ವನ ಎದುರು ನಿಲ್ಲುವ ಧೈರ್ಯ ಮಾಸ್ತರರಿಗೆ ಬಂದಿರಲಿಲ್ಲ. ಆಂಟಾಪ್‌ ಹಿಲ್‌ನಲ್ಲಿ ಅವಳ ಚಾಳಿಗೂ ಇವರ ಬಿಲ್ಡಿಂಗಿಗೂ ನಡುವೆ ಎರಡೇ ಗಲ್ಲಿ.

ಬೆಳಿಗ್ಗೆಯಷ್ಟೇ ಆ ಖಾಲಿ ಜಾಗಗಳಲ್ಲೆಲ್ಲ ಸೊನ್ನೆ ಬರೆದು ತಂದಿದ್ದರು. ಬಳಗ ಮುಚ್ಚುವ ಠರಾವು ಓದಲು ಕನ್ನಡಕ ಏರಿಸಿದಾಗ ಬಾಗಿಲಲ್ಲಿ ಟೆಂಪೋ ಜುಲ್ಫಿಕಾರ ಕಾಣಿಸಿಕೊಂಡ. ಬಳಗಕ್ಕೆ ಹೆಣ ಸಾಗಿಸುತ್ತಿದ್ದವನು ಅವನೇ. ಹಿಂದೆ ಹನುಮವ್ವ.

“ನಾನ ಕರಕೊಂಡ ಬಂದೇನ್ರಿ,” ಎಂದ ಜುಲ್ಫಿಕಾರ. “ಕಟ್ಟಿದಾಂವನ ಮನಿಯವರನ್ನ ಕೇಳದ ಹ್ಯಾಂಗ ಮುಚ್ಚತೀರಿ?”

ಹನುಮವ್ವ ಕುರ್ಚಿ ಎಳೆದುಕೊಂಡು ಕೂತಳು. “ಮಾಸ್ತರ, ನನ್ನ ಕಂಡು ಎಷ್ಟ ದಿನ ಆ ಕಡೆ ಗಲ್ಲಿಗೆ ಹೊಳ್ಳತೀರಿ? ಅಲ್ಲಿ ಬದನಿಕಾಯಿ ತುಟ್ಟಿ.”

ಯಾರೋ ನಕ್ಕು ಸುಮ್ಮನಾದರು.

“ವೈನಿ, ಆವಾಗ ಯಾರನ್ನೂ ಬಿಡತಿರಲಿಲ್ಲ...”

“ಹೆಗಲ ಕೊಡಾಕ ಬಿಡಲಿಲ್ಲ, ಖರೆ. ದೀಪ ನೋಡಾಕ ಬ್ಯಾಡಂದವರು ಯಾರು? ಆಮ್ಯಾಲೆ ಲೋಕಲ್ಲು ಸುರು ಆತು, ಹೋಟೆಲು ತಗದ್ರು. ನೀವ ಬರಲಿಲ್ಲ.” ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಯಾರೂ ನೋಡದ ದೀಪ ಹ್ಯಾಂಗ ತಗೀಲಿ? ದಿನಾ ಸಂಜಿಮುಂದ ಹಚ್ಚಾಕತ್ತೀನಿ. ಎರಡ ವರ್ಷಾತು.”

ಮಾಸ್ತರರು ರಿಜಿಸ್ಟರನ್ನೇ ನೋಡುತ್ತ ಕೂತರು. ಅಳೆಯದೇ ಇದ್ದುದನ್ನು ಸೊನ್ನೆ ಎಂದು ಬರೆಯಬೇಡಿ, ಖಾಲಿ ಬಿಡಿ ಎಂದು ಪ್ರತಿ ಜೂನ್‌ನಲ್ಲೂ ಲ್ಯಾಬಿನ ಹೊಸ ಹುಡುಗರಿಗೆ ಹೇಳುತ್ತಿದ್ದವರು ಅವರೇ. ಸೊನ್ನೆ ಎಂದರೆ ಹೋಗಿ ನೋಡಿಯಾಯಿತು, ಏನೂ ಇರಲಿಲ್ಲ ಎಂದಂತೆ. ಅವರು ಹೋಗಿಯೇ ಇರಲಿಲ್ಲ.

ಪೆನ್ನು ತೆಗೆದು ಒಂದೊಂದೇ ಸೊನ್ನೆಯ ಮೇಲೆ ಗೆರೆ ಎಳೆದರು. ಠರಾವಿನ ಹಾಳೆ ಮಡಚಿ ಜೇಬಿಗಿಟ್ಟರು.

“ಜುಲ್ಫಿಕಾರ, ನಿನ್ನ ಟೆಂಪೋದಾಗ ಎಷ್ಟ ಮಂದಿ ಹಿಡಸ್ತಾರ?”

“ಮಲಗಿದರ ಒಬ್ಬಾಂವ. ಕುಂತರ ಹತ್ತ ಮಂದಿ.”

ಈ ಸಲ ಹನುಮವ್ವನೂ ನಕ್ಕಳು.

ಚಾಳಿನ ಕೋಣೆ ಚಿಕ್ಕದು. ಟಿವಿಯ ಕೆಳಗೆ, ಗೋಡೆಗೆ ಒತ್ತಿ ಹಿತ್ತಾಳೆಯ ಪುಟ್ಟ ದೀಪ. ಮೇಲೆ ಗೋಡೆಯಲ್ಲಿ ಅಂಗೈಯಗಲದ ಮಸಿ. ಹನುಮವ್ವ ಬತ್ತಿ ಹೊಸೆದು ಹಚ್ಚಿದಳು. ಎಂಟು ಜನರೂ ಜುಲ್ಫಿಕಾರನೂ ಭುಜಕ್ಕೆ ಭುಜ ತಾಗಿಸಿ ನಿಂತು ನೋಡಿದರು. ಗೆಳೆಯನಿಗಾಗಿ ಎರಡು ವರ್ಷದಿಂದ ಬಾರದ ಅಳು ಮಾಸ್ತರರಿಗೆ ಆಗ ಬಂತು. ಯಾರೂ ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಕಣ್ಣೊರೆಸಿಕೊಂಡು ರಿಜಿಸ್ಟರು ತೆರೆದರು. ದೀಪ ನೋಡಿದವರು: ಒಂಬತ್ತು. ಹೆಗಲಿನ ಕಾಲಮ್ಮು ಖಾಲಿಯೇ ಇರಲಿ. ಮೇಲಿನ ಸಾಲಿನಲ್ಲಿ ಗ್ರಾಂಟ್‌ ರೋಡಿನ ಹೋಟೆಲಿನಲ್ಲಿ ಅಡುಗೆಗಿದ್ದ ಸೀನನ ಹೆಸರಿತ್ತು.

“ಮುಂದಿನ ಐತಾರ ಸೀನನ ಮನಿ,” ಎಂದರು.

“ನನ್ನನ್ನೂ ಕರೀರಿ,” ಎಂದಳು ಹನುಮವ್ವ. “ಅವನ ಹೇಣ್ತಿ ದೀಪಕ್ಕ ಏನ ಮಾಡ್ಯಾಳೋ, ಕೇಳಬೇಕು.”

ಉಳಿದವರು ಪದ್ಧತಿಯಂತೆ ಹೇಳದೆಯೇ ಮೆಟ್ಟಿಲಿಳಿದರು. ಮಾಸ್ತರರು ಚಪ್ಪಲಿ ಮೆಟ್ಟಿದವರು ಹೊಸ್ತಿಲಾಚೆಯಿಂದ ತಿರುಗಿ ನೋಡಿದರು.

“ಹೋಗಿ ಬರ್ತೀನಿ, ವೈನಿ.”