ಅಪ್ಪನ ಮಿಷನ್ನಿನ ದನಿ

ಗರಗಸಕ್ಕೆ ಪಿಟೀಲಿನ ಕಮಾನು ಎಳೆದು, ಡಬ್ಬ ಬಡಿದು, ಜನಪದ ಧಾಟಿಗೆ ಅಮೆರಿಕದ ಬ್ಲೂಸ್ ಸಂಗೀತ ಬೆರೆಸಿ ಹಾಡುವವಳಿಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ದರ್ಜಿಯಾಗಿದ್ದ ಅಪ್ಪನ ಮೇಲೆ ಕಟ್ಟಿದ ಹಾಡಿನ ರೆಕಾರ್ಡಿಂಗ್ ಅವತ್ತೇ. ವಾದ್ಯ, ಅಪ್ಪನ ಹೊಲಿಗೆ ಮಿಷನ್. ಪೆಡಲ್ ತುಳಿದರೆ ಅದು ಕೀರಲು ದನಿಯಲ್ಲಿ ನರಳುತ್ತಿತ್ತು. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ, ಅವಳ ಪಾಲಿಗೆ ಅದೇ ಅಪ್ಪನ ದನಿ.

ಮೈಕು ಹೊಂದಿಸಿ ಪೆಡಲ್ ತುಳಿದಳು. ನರಳಾಟವೇ ಇಲ್ಲ. ಜಾಡಿಸಿ ತುಳಿದರೂ ಚಕ್ರ ಸಲೀಸಾಗಿ ತಿರುಗಿತು, ಅಷ್ಟೇ.

"ಅಮ್ಮಾ! ಇದಕ್ಕೆ ಏನ್ ಮಾಡಿದೆ?"

"ಎಣ್ಣೆ ಬಿಟ್ಟೆ ಕಣೇ. ನಾಲ್ಕು ಜನ ಕೇಳೋ ಹಾಡು, ಹಾಗೆ ಕಿರುಗುಟ್ಟಿದ್ರೆ ಮಾನ ಉಳಿಯತ್ತಾ?"

"ಅಪ್ಪನ ದನೀನೇ ಅಳಿಸಿಬಿಟ್ಟೆಯಲ್ಲ!" ಎಂದವಳು ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯೆಲ್ಲ ತಿರುಗಿದಳು, ಬಾಗಿಲು ಅಲ್ಲಾಡಿಸಿದಳು, ಕುರ್ಚಿ ಎಳೆದಳು. ಯಾವುದೂ ಹಾಗೆ ನರಳಲಿಲ್ಲ.

ಅಮ್ಮ ಕೈಗಂಟಿದ ಎಣ್ಣೆ ಒರೆಸಿಕೊಂಡಳು. "ಅದು ತುಕ್ಕಿನ ದನಿ ಕಣೇ, ಅವರು ಹೋದಮೇಲೆ ಹಿಡಿದದ್ದು. ನಿಮ್ಮಪ್ಪ ದಿನಾ ಎಣ್ಣೆ ಬಿಡ್ತಿದ್ರು. ಪಕ್ಕದಲ್ಲೇ ನಿನ್ನ ತೊಟ್ಟಿಲು. ಮಗು ನಿದ್ದೆ ಕೆಡಬಾರದು ಅಂತ."

ಅವಳು ಮೈಕನ್ನು ಮಿಷನ್ನಿಗೆ ತೀರಾ ಹತ್ತಿರ ಸರಿಸಿ, ಮೆಲ್ಲಗೆ ಪೆಡಲ್ ತುಳಿದಳು.