ಮೊದಲು ಹುಡುಕಿ, ಆಮೇಲೆ ಬರೆಯಿರಿ

ಮುಫ್ಲಿಹನ ಕೈಗಳು ಗುದ್ದಲಿಗೆ ಒಗ್ಗಿದ್ದವು, ಕೀಬೋರ್ಡಿಗಲ್ಲ. ಹಾಗಾಗಿ ಆ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದವನೇ ಹೆಂಡತಿ ಖಿತಾಮಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅಜ್ಲೂನಿನ ಬೆಟ್ಟಗಳ ಮೇಲೆ ಮಂಜು ಕವಿದುಕೊಂಡು, ಪಕ್ಕದ ಮನೆಯ ನೀರಿನ ಟ್ಯಾಂಕೂ ಕಾಣುತ್ತಿರಲಿಲ್ಲ. ಇಂಥ ದಿನ ಯಾರೂ ಸೋಬಾ ಒಲೆಯ ಬೆಂಕಿ ಬಿಟ್ಟು ಏಳುವುದಿಲ್ಲ, ಪೊಲೀಸರಂತೂ ಮೊದಲೇ ಏಳುವುದಿಲ್ಲ. ಕದ್ದು ನಿಧಿ ಅಗೆಯುವವರಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕೆ?

ಆ ಹುಚ್ಚು ಊರಿನ ಅರ್ಧ ಗಂಡಸರಿಗೆ ಹಿಡಿದಿತ್ತು. ಹಿಂದೆ ಆ ಸೀಮೆಯನ್ನು ಆಳಿದ ತುರ್ಕರು ಯುದ್ಧದಲ್ಲಿ ಸೋತು ಓಡಿಹೋಗುವಾಗ ಚಿನ್ನ ಹೂತು, ಬಂಡೆಗಳ ಮೇಲೆ ಗುರುತು ಕೆತ್ತಿ ಹೋದರಂತೆ. ಆ ಗುರುತುಗಳನ್ನು ಬಿಡಿಸಿ ಹೇಳುವ ಪಂಡಿತರೆಲ್ಲ ಒಂದು ಫೋರಂನಲ್ಲಿ ಠಿಕಾಣಿ ಹೂಡಿದ್ದರು. ಬಂಡೆಯ ಫೋಟೋ ಹಾಕಿದರೆ ಸಾಕು, ಇಂಥ ದಿಕ್ಕಿಗೆ ಅಗೆಯಿರಿ ಎಂದು ಅಪ್ಪಣೆಯಾಗುತ್ತಿತ್ತು. ಅವರಿಗೇ ಒಂದು ಕಾಸು ಸಿಕ್ಕಿದ್ದರೆ ದಿನವಿಡೀ ಅಲ್ಲಿ ಕೂತು ಹರಟುತ್ತಿದ್ದರೇ ಎಂದು ಖಿತಾಮ್ ಗಂಡನನ್ನು ಚುಚ್ಚುತ್ತಿದ್ದಳು. ಅವನು ಕೇಳಿಸದವನಂತೆ ಮರ್ಯಮಿಯಾ ಸೊಪ್ಪು ಹಾಕಿದ ಚಹಾ ಹೀರುತ್ತಿದ್ದ.

ಈ ಸಲ ಅವನಿಗೊಂದು ಬಂಡೆ ಸಿಕ್ಕಿತ್ತು. ಎಲ್ಲಿ ಎಂದು ಹೆಂಡತಿಗೂ ಹೇಳಿರಲಿಲ್ಲ. ಜಾಗದ ಹೆಸರು ಬಾಯಿಂದ ಬಿದ್ದರೆ ಕಾವಲಿಗಿರುವ ಜಿನ್ ಚಿನ್ನವನ್ನೆಲ್ಲ ಇದ್ದಿಲು ಮಾಡಿಬಿಡುತ್ತದೆ ಎಂಬುದು ಅಗೆಯುವವರ ನಂಬಿಕೆ. ಆದ್ದರಿಂದ ಎಲ್ಲಿಗೆ ಎನ್ನದೆ ಹೋಗುತ್ತಾರೆ, ಎಲ್ಲಿಂದ ಎನ್ನದೆ ಬರುತ್ತಾರೆ. ವಾರವಿಡೀ ಅವನ ಚಪ್ಪಲಿಗೆ ಮೆತ್ತಿಕೊಂಡು ಬರುತ್ತಿದ್ದ ಕೆಂಪು ಮಣ್ಣನ್ನು ಗುಡಿಸಿ ಹಾಕುವುದಷ್ಟೇ ಖಿತಾಮಳ ಪಾಲಿಗೆ ಬಂದಿತ್ತು.

"ಬರಿ," ಎಂದ ಮುಫ್ಲಿಹ. ಫೋಟೋ ಆಗಲೇ ಕಂಪ್ಯೂಟರಿನಲ್ಲಿತ್ತು: ಬಂಡೆಯಲ್ಲಿ ಕೊರೆದ ಬಟ್ಟಲು, ಅದರಿಂದ ಬಾಲದಂತೆ ಹೊರಟ ಸಣ್ಣ ಕಾಲುವೆ, ಬಟ್ಟಲಿಗೆ ಅಡ್ಡಲಾಗಿ ಒಂದು ಬಿರುಕು. ಸಹೋದರರೇ, ಈ ಗುರುತಿನ ಅರ್ಥ ತಿಳಿಸಿ ಪುಣ್ಯ ಕಟ್ಟಿಕೊಳ್ಳಿ, ಮಣ್ಣು ಬಹಳ ಮೆತ್ತಗಿದೆ, ಇಂದೇ ಇಳಿಯುತ್ತೇನೆ, ದುವಾ ಮಾಡಿ ಎಂದು ಅವನು ಹೇಳುತ್ತ ಹೋದ.

ಖಿತಾಮ್ ಬರೆಯಲಿಲ್ಲ. ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಆಜ್ಞೆ ಇತ್ತಲ್ಲ: ಮೊದಲು ಹುಡುಕಿ, ಆಮೇಲೆ ಬರೆಯಿರಿ, ಕೇಳಿದ್ದನ್ನೇ ಕೇಳಬೇಡಿ. ರೊಟ್ಟಿ ಅಂಗಡಿಯ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಅವರ ಏಳು ತಲೆಮಾರಿನ ಜನ್ಮ ಜಾಲಾಡುವ ಹೆಂಗಸು ಅವಳು. ನಿಯಮ ಮೀರುವ ಮಾತೇ ಇರಲಿಲ್ಲ. ಬಟ್ಟಲು, ಬಾಲ, ಬಿರುಕು ಎಂದು ಕೊಟ್ಟು ಹುಡುಕಿದಳು.

ಸಿಕ್ಕಿತು. ಎರಡು ವರ್ಷದ ಹಿಂದೆ ಯಾರೋ ಒಬ್ಬ ಹಾಕಿದ ಫೋಟೋ. ಇಂಥ ಬಟ್ಟಲು ಈ ಸೀಮೆಯಲ್ಲಿ ಬೇಕಾದಷ್ಟಿವೆ ಎಂದುಕೊಂಡು ಹತ್ತಿರದಿಂದ ನೋಡಿದಳು. ಬಿರುಕು ಅದೇ ಜಾಗದಲ್ಲಿ ಅದೇ ರೀತಿ ಕವಲೊಡೆದಿತ್ತು. ಬಂಡೆ ಅದೇ. ಕೆಳಗಿನ ಮಾತು ಓದಿದಳು. ಸಹೋದರರೇ, ಅರ್ಥ ತಿಳಿಸಿ, ಮಣ್ಣು ಮೆತ್ತಗಿದೆ, ಇಂದೇ ಇಳಿಯುತ್ತೇನೆ, ದುವಾ ಮಾಡಿ. ಗಂಡ ಈಗಷ್ಟೇ ಹೇಳಿದ್ದನ್ನು ಕೇಳಿಸಿಕೊಂಡು ಬರೆದಂತಿತ್ತು. ಅದರಡಿ ಇನ್ನಾರೂ ಬರೆಯದಂತೆ ಫೋರಂನ ಮೇಲ್ವಿಚಾರಕ ಬೀಗ ಜಡಿದಿದ್ದ: ಇದಕ್ಕೆ ಉತ್ತರ ಕೊಟ್ಟಾಗಿದೆ, ಹಳೆಯದನ್ನು ನೋಡಿ.

ಹಳೆಯದನ್ನು ಒತ್ತಿದಳು. ಇನ್ನೊಬ್ಬ ಮನುಷ್ಯ, ಅದೇ ಬಂಡೆ, ಅದೇ ಮೆತ್ತನೆಯ ಮಣ್ಣು, ಅದೇ ದುವಾ. ಅದಕ್ಕೂ ಬೀಗ. ಅದಕ್ಕಿಂತ ಹಳೆಯದು ಇನ್ನೊಂದಿತ್ತು. ಎಲ್ಲಕ್ಕಿಂತ ಮೊದಲಿನದು ಅದೇ. ಬರೆದವನು ತನಗೆ 'ಬೆಟ್ಟದ ತೋಳ' ಎಂದು ಹೆಸರಿಟ್ಟುಕೊಂಡಿದ್ದ. ಪೂರ್ವಕ್ಕೆ ಅಗೆದು ನೇರ ಕೆಳಗಿಳಿ ಎಂದು ಪಂಡಿತರು ಅವನಿಗೆ ಹೇಳಿದ್ದರು. ನೆಲ ಕಬ್ಬಿಣದ ಹಾಗೆ ಗಟ್ಟಿಯಿದೆ, ಆದರೂ ಬಿಡುವುದಿಲ್ಲ ಎಂದು ಅವನು ಬರೆದಿದ್ದ. ಆಮೇಲೆ ಒಂದಕ್ಷರ ಇಲ್ಲ. ಮೂವರದ್ದೂ ಅಷ್ಟೆ, ಇಳಿಯುತ್ತೇನೆ ಎಂದ ಮೇಲೆ ಮೌನ. ಬೀಗ ಬೀಳದ ತೋಳನ ಪುಟದಲ್ಲಿ ಉಳಿದವರೆಲ್ಲ ಸಾಲಾಗಿ ಬಂದು ಮುಬಾರಕ್ ಹೇಳಿ, ನಮ್ಮನ್ನು ಮರೆಯಬೇಡಪ್ಪ ಎಂದು ಹೊಟ್ಟೆ ಉರಿದುಕೊಂಡಿದ್ದರು.

"ಮೂರು ಜನ ಅಲ್ಲೇ ಅಗೆದಿದಾರೆ," ಎಂದಳು ಖಿತಾಮ್. "ಆಮೇಲೆ ಒಬ್ರೂ ಉಸಿರೆತ್ತಿಲ್ಲ."

ಮುಫ್ಲಿಹನ ಕಣ್ಣು ಹೊಳೆದವು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮಗ ಗೈಥನ ಅಪ್ಪ, ಗೈಥನ ಅಮ್ಮ ಎಂದೇ ಕರೆಯುತ್ತಿದ್ದರು. "ಸುಮ್ನಾದ್ರು ಅಂದ್ರೆ ಸಿಕ್ತು ಅಂತ ಕಣೇ, ಉಮ್ಮು ಗೈಥ್! ಚಿನ್ನ ಸಿಕ್ಕಿದೋನು ಡಂಗೂರ ಹೊಡೀತಾನಾ? ಸಿಗದೇ ಇದ್ದೋನು ತಾನೆ ಫೋರಂಗೆ ಬಂದು ಗೋಳಾಡೋದು."

ಆ ಬಳಗದ ಲೆಕ್ಕಾಚಾರವೇ ಹಾಗಿತ್ತು. ಮಾತಾಡುವವನು ಸೋತವನು, ಬಾಯಿ ಮುಚ್ಚಿದವನು ಗೆದ್ದವನು. ಮೂವರೂ ಹೊತ್ತುಕೊಂಡು ಹೋಗಿದ್ದರೆ ನಿನಗೇನು ಉಳಿದಿರುತ್ತದೆ ಎಂದು ಅವಳು ಕೇಳಿದಳು. ಅವನ ಹತ್ತಿರ ಅದಕ್ಕೂ ಉತ್ತರವಿತ್ತು, ಒಂದು ಕೊಪ್ಪರಿಗೆ ಇದ್ದ ಕಡೆ ಹತ್ತು ಇರುತ್ತವೆ ಎಂದ. ಹೇಳುತ್ತಲೇ ಜಾಕೆಟ್ಟು ಏರಿಸಿ, ಅಂಗಳದಲ್ಲಿದ್ದ ಪಿಕಪ್ಪಿಗೆ ಗುದ್ದಲಿ ತುಂಬಲು ಹೊರಟ.

ಖಿತಾಮ್ ಇನ್ನೊಮ್ಮೆ ಮೂರನ್ನೂ ಓದಿದಳು. ಮೊದಲನೆಯವನಿಗೆ ನೆಲ ಕಬ್ಬಿಣ. ಎರಡನೆಯವನಿಗೆ ಮೆತ್ತಗೆ. ಮೂರನೆಯವನಿಗೂ ಮೆತ್ತಗೆ, ತನ್ನ ಗಂಡನಿಗೆ ಬಹಳ ಮೆತ್ತಗೆ. ಕಬ್ಬಿಣದಂಥ ನೆಲ ತಾನಾಗಿ ಯಾಕೆ ಮೆತ್ತಗಾಗುತ್ತದೆ? ಒಳಗೆ ಯಾರಾದರೂ ಇಳಿದಿರಬೇಕು, ಅವರ ಮೇಲೆ ಗುಂಡಿ ಕುಸಿದು ಮುಚ್ಚಿಕೊಂಡಿರಬೇಕು. ಇಂದು ಸಂಜೆ ಇವನು ಬಾರದಿದ್ದರೆ ಯಾವ ಬೆಟ್ಟಕ್ಕೆ ಹೋಗಿ ಹುಡುಕುವುದು, ಯಾರನ್ನು ಕೇಳುವುದು? ಅವಳಿಗೆ ಒಂದು ಹೆಸರೂ ಗೊತ್ತಿರಲಿಲ್ಲ.

ಬೇರೇನೂ ತೋಚದೆ ಮೂವರ ಹೆಸರಿಗೂ ಖಾಸಗಿ ಸಂದೇಶ ಕಳಿಸಿದಳು: ಅಣ್ಣಾ, ನೀವು ಕ್ಷೇಮವೇ? ಅಷ್ಟೇ. ಹೊರಗೆ ಪಿಕಪ್ಪಿನಲ್ಲಿ ಕಬ್ಬಿಣ ಬಿದ್ದ ಸದ್ದಾಯಿತು.

ಆಗ ಬೆಟ್ಟದ ತೋಳನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು.

ಎಷ್ಟೋ ವರ್ಷದಿಂದ ಒಂದಕ್ಷರ ಬರೆಯದವನು ಈಗ ಎಚ್ಚರವಾಗಿದ್ದ, ಅವಳ ಮಾತನ್ನು ಓದುತ್ತಿದ್ದ. ಅಂದರೆ ಬದುಕಿದ್ದಾನೆ ಎಂದು ಅವಳು ಸಂತೋಷಪಡಬೇಕಿತ್ತು. ಆದರೆ ಪರದೆಯ ಹತ್ತಿರ ಕೂರಲೂ ಹೆದರಿಕೆಯಾಗಿ ಕುರ್ಚಿ ಹಿಂದಕ್ಕೆ ಸರಿಸಿದಳು. ಉತ್ತರ ನಿಧಾನವಾಗಿ, ತಪ್ಪು ಕಾಗುಣಿತದಲ್ಲಿ ಬಂತು. 'ನಾನು ರಾಕಾನನ ತಾಯಿ. ಈ ಹೆಸರು ಅವನದು. ಏನಾದರೂ ಬರೆದಿದ್ದಾನೋ ಅಂತ ದಿನಾ ತೆಗೆದು ನೋಡುತ್ತೇನೆ. ನೀನು ಯಾರಮ್ಮ? ನಿನಗೆ ಬರೆದನೇ?'

ಖಿತಾಮ್ ಬರಿಗಾಲಲ್ಲೇ ಅಂಗಳಕ್ಕೆ ಓಡಿದಳು. ಮುಫ್ಲಿಹ ಎಂಜಿನ್ ಶುರು ಮಾಡಿದ್ದ. ಅವಳು ಬಾಗಿಲು ತೆಗೆದು ಅವನ ತೋಳು ಹಿಡಿದೇ ಎಳೆದುಕೊಂಡು ಬಂದಳು. ಬೈದುಕೊಳ್ಳುತ್ತ ಬಂದ ಮುಫ್ಲಿಹ ಪರದೆ ಓದಿದ. ಮತ್ತೊಮ್ಮೆ ಓದಿದ. ಗೋಡೆಗೆ ಒರಗಿಕೊಂಡ.

"ನಿನ್ನೆ ಒಂದು ಹಗ್ಗ ಸಿಕ್ತು," ಎಂದ. "ನೈಲಾನ್ ಹಗ್ಗ. ಕಲ್ಲಿನಡಿ ಸಿಕ್ಕಿಕೊಂಡಿದೆ ಅಂದ್ಕೊಂಡೆ. ಎಳೆದೆ, ಬರ್ಲಿಲ್ಲ."

ಖಿತಾಮ್ ಕುರ್ಚಿಗೆ ಮರಳಿ, ತನ್ನ ಗಂಡನೂ ಅದೇ ಬಂಡೆಯ ಹತ್ತಿರ ಅಗೆಯುತ್ತಿದ್ದಾನೆ ಎಂದು ಆ ತಾಯಿಗೆ ಬರೆದಳು. ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಮಗ ಬದುಕಿದ್ದಾನೆಯೇ ಎಂದು ಆ ತಾಯಿ ಕೇಳಿರಲಿಲ್ಲ. 'ಜಾಗದ ಹೆಸರು ಒಂದು ಹೇಳಿಬಿಡಮ್ಮ' ಎಂದಿದ್ದಳು.

"ನಂಗೊತ್ತಿಲ್ವಲ್ಲ," ಎಂದು ಖಿತಾಮ್ ಗಂಡನ ಮುಖ ನೋಡಿದಳು. "ಅಬೂ ಗೈಥ್, ನಂಗೂ ಗೊತ್ತಿಲ್ಲ. ಇವತ್ತು ನೀನು ಹೋಗಿದ್ರೆ ನಾನೂ ಇವಳ ಥರಾನೇ ಕೂತಿರ್ತಿದ್ದೆ."

ಅವನ ತುಟಿ ಎರಡು ಸಲ ಅಲ್ಲಾಡಿ ನಿಂತವು. ಚಿನ್ನ ಇದ್ದಿಲಾಗುವ ಭಯವೋ, ಹಗ್ಗದ ಆ ತುದಿಯ ಭಯವೋ, ಅವನಿಗೇ ತಿಳಿದಿರಲಿಕ್ಕಿಲ್ಲ. ಕಡೆಗೆ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಮೆಲ್ಲಗೆ ಹೇಳಿದ. "ಖಿರ್ಬೆತ್ ಹನ್ನೂಶ್. ಬೆಟ್ಟದ ಮೇಲ್ಗಡೆ, ಹಳೇ ಬಾವಿ ಹತ್ರ."

ಖಿತಾಮ್ ಅದನ್ನೇ ಬರೆದು ಕಳಿಸಿದಳು. ಹಸಿರು ಚುಕ್ಕೆ ಆರಲಿಲ್ಲ. ಗಂಡ ಹೆಂಡತಿ ಇಬ್ಬರೂ ನಿಂತೇ ಕಾದರು.

'ನಾನು ಬಟ್ಟೆ ಒಣಹಾಕುವುದು ಆ ಬೆಟ್ಟದ ಕಡೆಗೇ ಮುಖ ಮಾಡಿ' ಎಂದು ಬರೆದಳು ರಾಕಾನನ ತಾಯಿ. 'ನಮ್ಮ ತಾರಸಿಯಿಂದ ಕಾಣುತ್ತದೆ.'