ಅಳತೆ ಕೊಡುವಾಗ

ಊರವರ ಸೊಂಟಕ್ಕೆಲ್ಲ ಟೇಪು ಸುತ್ತಿದ ಟೈಲರು ತನ್ನ ಸೊಂಟಕ್ಕೆ ಮಾತ್ರ ಯಾರ ಕೈಯೂ ಸೋಕಗೊಡಲಿಲ್ಲ. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದಾಗಿನಿಂದ ಅವನ ಹೊಟ್ಟೆಯ ಎಡಗಡೆ ಒಂದು ರಂಧ್ರ, ಅದಕ್ಕೊಂದು ಚೀಲ. ಮಲ ಹೋಗುವುದು ಅಲ್ಲಿಂದಲೇ. ಬರಬರುತ್ತ ರಂಧ್ರದ ಸುತ್ತಲಿನ ಹೊಟ್ಟೆ ಸಡಿಲವಾಗಿ, ಕರುಳು ಮುಂದಕ್ಕೆ ತಳ್ಳಿಕೊಂಡು ಬಂದು, ಅಂಗಿಯೊಳಗೆ ಕುಂಬಳಕಾಯಿ ಬಚ್ಚಿಟ್ಟಂತೆ ಕಾಣತೊಡಗಿತು. ಮಹಾಶಯ ಏನು ಮಾಡಿದ? ಅಂಗಿಯ ಎಡಗಡೆಗೆ ಮಾತ್ರ ಬಟ್ಟೆ ಹೆಚ್ಚು ಬಿಟ್ಟು ಹೊಲಿದುಕೊಂಡ. ಬಚ್ಚಲಿಗೆ ಚಿಲಕ ಹಾಕಿಕೊಂಡು ಚೀಲ ಬದಲಿಸಿದ. ಹಾಸಿಗೆಯನ್ನು ಅಂಗಡಿಯ ಕೋಣೆಗೆ ಸಾಗಿಸಿ, ಹೆಂಡತಿ ಕೇಳಿದರೆ "ಹೊಲಿಗೆ ಬಾಕಿ ಇದೆ" ಅಂದ. ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಈಗ ಇನ್ನೊಂದು ಆಪರೇಷನ್ ಮಾಡದೆ ದಾರಿಯಿರಲಿಲ್ಲ. ಡಾಕ್ಟರು ಕರುಳನ್ನು ಒಳಗೆ ಕೂರಿಸಿ, ಜಾಲರಿ ಇಟ್ಟು ಹೊಲಿದು, ರಂಧ್ರವನ್ನು ಬಲಗಡೆಗೆ ಬದಲಿಸುವವರಿದ್ದರು. ಹೊಸ ರಂಧ್ರದ ಜಾಗ ಗುರುತಿಸಲು ನರ್ಸ್ ಪೆನ್ನು ಹಿಡಿದು ಬಂದಳು.

"ಮೆಷೀನ್ ಮುಂದೆ ಹೇಗೆ ಕೂರ್ತೀರೋ ಹಾಗೇ ಕೂತ್ಕೊಳ್ಳಿ."

ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು, ಆಮೇಲೆ ಪ್ಯಾಂಟು ಬಿಗಿಯೆಂದು ಜಗಳಕ್ಕೆ ಬರುವ ಗಿರಾಕಿಗಳನ್ನು ಜೀವಮಾನವಿಡೀ ಬೈದವನು ಈಗ ತಾನೂ ಉಸಿರು ಬಿಗಿಹಿಡಿದ. ನರ್ಸ್ ಗುರುತು ಹಾಕಿದಳು. ಉಸಿರು ಬಿಟ್ಟದ್ದೇ ತಡ, ಗುರುತು ಹೊಟ್ಟೆಯ ಮಡಿಕೆಯೊಳಗೆ ಮಾಯ.

"ಅಲ್ಲಿ ಚೀಲ ಅಂಟಲ್ಲ, ಸೋರುತ್ತೆ! ನನ್ ಹತ್ರ ಏನು ನಾಚಿಕೆ? ಮೊದಮೊದಲು ಚೀಲ ಹಾಕೋಕೆ ಇನ್ನೊಬ್ಬರು ಬೇಕು. ಮನೇಲಿ ಯಾರು ನೋಡಿದಾರೆ?"

"ಯಾರೂ ಇಲ್ಲ."

ನರ್ಸ್ ಬಾಗಿಲು ತೆರೆದು, ಹೊರಗೆ ಕೂತಿದ್ದ ಅವನ ಹೆಂಡತಿಯನ್ನು ಕರೆದಳು. ಟೈಲರಿಗೆ ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಹೊಟ್ಟೆಯನ್ನು ಮತ್ತೆ ಒಳಗೆಳೆದುಕೊಂಡ.

ಅವಳು ಚೀಲ ನೋಡಿದಳು, ಉಬ್ಬು ನೋಡಿದಳು, ಸ್ಟೂಲಿನ ಮೇಲೆ ಕುಸಿದು ಕೂತಳು.

"ಇದಕ್ಕೇನಾ ನೀವು ಬೇರೆ ಮಲಗಿದ್ದು?"

"ನಿನಗೆ ಅಸಹ್ಯ ಆಗುತ್ತೆ ಅಂತ..."

"ನಿಮಗೇ ನನ್ನ ಕಂಡ್ರೆ ಅಸಹ್ಯ ಅಂದ್ಕೊಂಡಿದ್ದೆ ಕಣ್ರೀ. ದಿನಾ ಕನ್ನಡಿ ಮುಂದೆ ನಿಂತು, ನನ್ನಲ್ಲೇನು ಕೆಟ್ಟಿದೆ ಅಂತ ಹುಡುಕ್ತಿದ್ದೆ."

ಟೈಲರು ತಲೆ ಎತ್ತಲಿಲ್ಲ. ಇಷ್ಟು ದಿನ ಹೊಟ್ಟೆಗೆ ನಾಚಿದ್ದು ಈ ನಾಚಿಕೆಯ ಮುಂದೆ ಏನೇನೂ ಅಲ್ಲ. ಅಷ್ಟರಲ್ಲಿ, ಅವನ ಗ್ರಹಚಾರಕ್ಕೆ, ಚೀಲ ಪುರ್ರೆಂದಿತು. ಗಾಬರಿಯಿಂದ ಅಂಗಿ ಇಳಿಸಹೋದ. ಹೆಂಡತಿ ಅವನ ಕೈ ಹಿಡಿದಳು.

"ಉಸಿರು ಬಿಡಿ."

ಬಿಟ್ಟ. ಹೊಟ್ಟೆ ಇದ್ದಷ್ಟೂ ಮುಂದೆ ಬಂತು. ಅವಳ ಮುಖ ನೋಡುವ ಧೈರ್ಯ ಆಗಲೂ ಬರಲಿಲ್ಲ. ನರ್ಸ್ ಹಳೆಯ ಗುರುತು ಒರೆಸಿ ಪೆನ್ನನ್ನು ಹೆಂಡತಿಯ ಕಡೆ ಚಾಚಿದಳು.

"ಇನ್ನು ಚೀಲ ಹಾಕೋರು ನೀವು. ನಿಮಗೆ ಎಲ್ಲಿ ಸರಿಯಾಗಿ ಕಾಣುತ್ತೆ, ತೋರಿಸಿ."